ಶುಂಠಿ ಸೋಡಾದ ನಿಂಬೆ ಕೇಕು ಕುಸಿದದ್ದೇಕೆ?

ಪ್ರಶ್ನೆ: ಅಮೆರಿಕದ ಕೆಂಟಕಿ ರಾಜ್ಯದಿಂದ ಬಂದ ಮಗಳು ಅಲ್ಲಿಯ ‘ಏಲ್-ಏಟ್-ಒನ್’ ಶುಂಠಿ ಸೋಡಾ ತಂದಿದ್ದಳು. ಅದನ್ನೂ ನಿಂಬೆರಸವನ್ನೂ ಬೆರೆಸಿ, ಅಡುಗೆ ಸೋಡಾ ಹಾಕಿ, ಕಲಸಿದ ಹಿಟ್ಟನ್ನು ಅರ್ಧ ತಾಸು ಬಿಟ್ಟು ಮೂರು ಪದರದ ಕೇಕು ಬೇಯಿಸಿದೆ. ನಡುವೆ ಕುಸಿಯಿತು; ಶುಂಠಿಯ ರುಚಿಯೂ ಹತ್ತಲಿಲ್ಲ. ತಪ್ಪೆಲ್ಲಿ?
– ಓದುಗರೊಬ್ಬರು, ರಾಯಚೂರು

ಉತ್ತರ: ತಪ್ಪು ಆ ಅರ್ಧ ತಾಸಿನಲ್ಲಿದೆ. ಅಡುಗೆ ಸೋಡಾ ನಿಂಬೆಯ ಹುಳಿಯೊಡನೆ ಸೇರಿದ ಕೂಡಲೇ ಗಾಳಿಗುಳ್ಳೆಗಳನ್ನು ಉಕ್ಕಿಸುತ್ತದೆ. ಹಿಟ್ಟು ಕಾದು ಕುಳಿತಷ್ಟೂ ಅವು ಒಡೆದು ಹೋಗುವುದರಿಂದ, ಒಲೆಯ ಶಾಖಕ್ಕೆ ಕೇಕನ್ನು ಎತ್ತಿ ಹಿಡಿಯಲು ಏನೂ ಉಳಿಯುವುದಿಲ್ಲ. ಓವನ್ನನ್ನು ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟು, ಶುಂಠಿ ಸೋಡಾವನ್ನು ಕಟ್ಟಕಡೆಗೆ ಸುರಿದು, ಹಗುರವಾಗಿ ತಿರುವಿ, ತಡಮಾಡದೆ ಒಳಗಿಡಿ.

1926ರಿಂದ ಕೆಂಟಕಿಯ ವಿಂಚೆಸ್ಟರ್ ಊರಿನಲ್ಲಿ ತಯಾರಾಗುತ್ತಿರುವ ಈ ಪಾನೀಯದ ಶುಂಠಿ ಬಹಳ ಮೃದು. ಮೈದಾ, ಬೆಣ್ಣೆ, ಸಕ್ಕರೆಗಳ ನಡುವೆ ಅದು ಅಡಗಿಹೋಗುವುದು ಸಹಜ. ಆದ್ದರಿಂದ ಒಂದು ಲೋಟ ಸೋಡಾವನ್ನು ಸಣ್ಣ ಉರಿಯಲ್ಲಿ ಕಾಲು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಆ ಅಂಟುಪಾಕವನ್ನು ಬೆಚ್ಚಗಿರುವ ಪದರಗಳಿಗೆ ಸವರಿ. ಹಿಟ್ಟಿಗೆ ಒಂದು ಚಮಚ ಹಸಿಶುಂಠಿಯ ತುರಿಯನ್ನೂ ಸೇರಿಸಿದರೆ ನನ್ನ ಮಟ್ಟಿಗೆ ರುಚಿ ಪೂರ್ಣವಾಗುತ್ತದೆ. ನಿಂಬೆಸಿಪ್ಪೆಯ ಹಳದಿ ಭಾಗವನ್ನಷ್ಟೇ ತುರಿದು ಸಕ್ಕರೆಯೊಡನೆ ಬೆರಳಿನಿಂದ ಉಜ್ಜಿ, ಸಕ್ಕರೆ ಒದ್ದೆ ಮರಳಿನಂತಾಗಿ ಘಮಘಮಿಸಬೇಕು. ಬಿಳಿ ಭಾಗ ಸೇರಿದರೆ ಕಹಿ.

ರಾಯಚೂರಿನ ಬಿಸಿಲಿಗೆ ಬೆಣ್ಣೆಯ ಕ್ರೀಮು ನಿಲ್ಲದು. ಪದರಗಳು ಪೂರ್ತಿ ಆರಿದ ಮೇಲೆ ರಾತ್ರಿಯೇ ಜೋಡಿಸಿ ಫ್ರಿಜ್ಜಿನಲ್ಲಿಡಿ; ಬಡಿಸುವ ಸ್ವಲ್ಪ ಮೊದಲು ಹೊರತೆಗೆಯಿರಿ.