ಕಾಲ್ದಾರಿ: ಹೊಳೆ ಬದಿಯ ಬಾರ್ಕೂರು, ಬಪ್ಪ ಬ್ಯಾರಿಯ ದೋಣಿ, ಮತ್ತೆ ನಾಯಿ ಕಾಟ

ಹೋದ ತಿಂಗಳ ಅಂಕಣದಲ್ಲಿ “ಹಳೇ ಊರು ನೋಡುವುದಾದರೆ ಕಾರು ಬಿಟ್ಟು ನಡೆಯಿರಿ, ಹೊಳೆ ಇದ್ದರೆ ಹೊಳೆ ಬದಿಯಲ್ಲೇ ನಡೆಯಿರಿ” ಎಂದು ಸುಮ್ನೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಐದನ್ನು ಆರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಹೆಂಡತಿಗೂ ನನಗೂ ಅರವತ್ತು ದಾಟಿದೆ. ಉಡುಪಿ ಹತ್ತಿರ ಅರ್ಧ ದಿನ ನಡೆಯುವಂಥ ಒಂದು ಜಾಗ ಹೇಳಿ. ಹೊಳೆ ಇರಬೇಕು, ಹಳೇ ದೇವಸ್ಥಾನ, ಬಸದಿ ಇರಬೇಕು. ದಯವಿಟ್ಟು ಗುಡ್ಡ ಹತ್ತಿಸಬೇಡಿ. (ಮಣಿಪಾಲದ ಓದುಗರು)

ಉತ್ತರ: ಬಾರ್ಕೂರಿಗೆ ಹೋಗಿ. “ಅಲ್ಲಿಗೆ ಹೋಗಿ ಆಗಿದೆ” ಅನ್ನಬೇಡಿ. ಹೇಗೆ ಹೋಗಿದ್ದೀರಿ ಅಂತ ನನಗೆ ಗೊತ್ತು. ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಕತ್ತಲೆ ಬಸದಿ ಮುಂದೆ ಕಾರು ನಿಲ್ಲಿಸಿ, ನಾಲ್ಕು ಫೋಟೊ ತೆಗೆದು, ಊಟದ ಹೊತ್ತಿಗೆ ವಾಪಸ್ ಮನೆಗೆ. ಅಲ್ವಾ? ನಾನೂ ಹಾಗೇ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದಾಗ ಎಷ್ಟು ಸಲ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಹೋಗಿದ್ದೇನೋ. ಒಂದು ಸಲವೂ ಅವರಿಗೆ ಹೊಳೆ ತೋರಿಸಲಿಲ್ಲ. ಬಾರ್ಕೂರನ್ನು ಬಾರ್ಕೂರು ಮಾಡಿದ್ದೇ ಆ ಹೊಳೆ.

ಸೀತಾನದಿ ಆಗುಂಬೆ ಕಡೆಯ ಘಟ್ಟದಲ್ಲಿ ಹುಟ್ಟುತ್ತದೆ. ಕೆಳಗೆ ಬಂದು ಹಂಗಾರಕಟ್ಟೆ ಹತ್ತಿರ ಸ್ವರ್ಣಾ ನದಿಯನ್ನು ಕೂಡಿಕೊಂಡು ಕೋಡಿ ಬೆಂಗ್ರೆಯಲ್ಲಿ ಸಮುದ್ರ ಸೇರುತ್ತದೆ. ಬಾರ್ಕೂರು ಇರುವುದು ಅಳಿವೆಯಿಂದ ಸ್ವಲ್ಪ ಒಳಗೆ. ಸಮುದ್ರದ ಹೊಡೆತ ಇಲ್ಲ, ಭರತದ ನೀರಿನ ಜೊತೆ ದೋಣಿ ಮೇಲೆ ಬರುತ್ತದೆ. ಬಂದರಿಗೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ತುಳುನಾಡಿನ ಹಳೇ ಅರಸು ಮನೆತನದ ಆಳುಪರು ಇಲ್ಲಿಂದ ಆಳಿದರು. ಹೊಯ್ಸಳ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿಯ ಹೆಸರು ಈ ಊರಿನ ಚರಿತ್ರೆಯಲ್ಲಿ ಬರುತ್ತದೆ. ವಿಜಯನಗರದವರು ನಮ್ಮ ಕರಾವಳಿಯನ್ನು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಅಂತ ಎರಡು ಪಾಲು ಮಾಡಿಕೊಂಡಿದ್ದರು. 14ನೇ ಶತಮಾನದಲ್ಲಿ ಈ ದಾರಿಯಾಗಿ ಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನ ಬರಹದಲ್ಲಿ ಇದು “ಫಾಕನೂರ್”. ಇಲ್ಲಿನ ಅರಸನ ಹತ್ತಿರ ಸುಮಾರು 30 ಯುದ್ಧದ ಹಡಗುಗಳಿದ್ದವು ಅನ್ನುತ್ತಾನೆ. ಇಲ್ಲಿನಂಥ ಕಬ್ಬು ಬೇರೆಲ್ಲೂ ಇಲ್ಲ ಅಂತಲೂ ಹೊಗಳುತ್ತಾನೆ. ಇದನ್ನು ಓದಿದಾಗ ನನಗೆ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನೆನಪಾಯಿತು. ಅದು ಬಾಗಿಲು ಹಾಕಿ ಎಷ್ಟೋ ವರ್ಷ ಆಯಿತು.

ಸರಿ, ದಾರಿ ಹೇಳುತ್ತೇನೆ. ಉಡುಪಿಯಿಂದ ಬ್ರಹ್ಮಾವರಕ್ಕೆ ಸುಮಾರು 13 ಕಿಲೋಮೀಟರ್. ಅಲ್ಲಿ ಇಳಿದು ಬಾರ್ಕೂರಿನ ಬಸ್ಸು ಹಿಡಿಯಿರಿ. ಬೆಳಿಗ್ಗೆ ಏಳೂವರೆಗೆ ನಡಿಗೆ ಶುರುವಾದರೆ ಒಳ್ಳೆಯದು. ಹತ್ತರ ಮೇಲೆ ನಮ್ಮ ಕಡೆಯ ಬಿಸಿಲು ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮೊದಲು ಕತ್ತಲೆ ಬಸದಿ. ಒಳಗೆ ಈಗ ಮೂರ್ತಿ ಇಲ್ಲ. ಕಲ್ಲಿನ ಕಂಬ, ಮೇಲೆ ಕಲ್ಲು ಚಪ್ಪಡಿ, ನಡುವೆ ತಂಪು ಕತ್ತಲೆ. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟರೆ ಎರಡು ನಿಮಿಷ ಏನೂ ಕಾಣುವುದಿಲ್ಲ. ಕಣ್ಣಿಗೆ ಆ ಎರಡು ನಿಮಿಷ ಕೊಡಿ. ಮೊಬೈಲ್ ಟಾರ್ಚ್ ಹಾಕಬೇಡಿ. ಕಂಬಗಳು ಒಂದೊಂದೇ ತಾವಾಗಿ ಮುಂದೆ ಬರುತ್ತವೆ.

ಅಲ್ಲಿನ ಶಾಸನದ ಕಲ್ಲಿನ ಮುಂದೆ ಹೋದ ನವೆಂಬರಿನಲ್ಲಿ ನಾನೂ ನನ್ನ ನಾದಿನಿಯೂ ಮುಕ್ಕಾಲು ಗಂಟೆ ಕೂತಿದ್ದೆವು. ಇಂಥ ಕಲ್ಲುಗಳ ತಲೆಯ ಮೇಲೆ ಒಂದು ಕಡೆ ಸೂರ್ಯ, ಒಂದು ಕಡೆ ಚಂದ್ರ ಕೊರೆದಿರುತ್ತಾರೆ. ಸೂರ್ಯ ಚಂದ್ರ ಇರುವ ತನಕ ಈ ದಾನ ನಡೆಯಲಿ ಅಂತ. ಕೆಳಗೆ ಸಾಲು ಸಾಲು ಅಕ್ಷರ. ಬೆಳಿಗ್ಗೆಯ ಓರೆ ಬೆಳಕು ಬಿದ್ದಾಗ ಅಕ್ಷರಗಳ ಕುಳಿಯಲ್ಲಿ ನೆರಳು ನಿಂತು ಚೆನ್ನಾಗಿ ಕಾಣುತ್ತವೆ. ಹನ್ನೊಂದು ಗಂಟೆಗೆ ಅದೇ ಕಲ್ಲು ಬರೀ ಒರಟು ಕಲ್ಲು. ನಾದಿನಿ ಕೇಳಿದಳು, “ಅಕ್ಕ, ಕನ್ನಡ ಅಲ್ವಾ, ಓದಿ.” ನಾನು ಕನ್ನಡಕ ಒರೆಸಿದೆ. ಬಗ್ಗಿದೆ. ಮಂಡಿ ಕಟಕ್ ಅಂದಿತು. “ಶ್ರೀ” ಅನ್ನುವುದು ಓದಿದೆ. ಮುಂದೆ ಎರಡು ಕಡೆ “ದ” ಇರಬಹುದು ಅನಿಸಿತು. ಅಷ್ಟೇ. ಇಷ್ಟು ವರ್ಷ ಕನ್ನಡ ಪಾಠ ಮಾಡಿದವಳ ಬಂಡವಾಳ ಅದು. ಅಕ್ಷರ ಕಾಣಲಿ ಅಂತ ಕೆಲವರು ಸುಣ್ಣ, ಚಾಕ್‌ಪೀಸ್ ಉಜ್ಜುತ್ತಾರೆ. ದಯವಿಟ್ಟು ಬೇಡ. ಒದ್ದೆ ಬಟ್ಟೆಯೂ ಬೇಡ.

ಅಲ್ಲಿಂದ ಕೋಟೆಕೇರಿಗೆ ನಡೆಯಿರಿ. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಅಂತ ಇಲ್ಲಿ ಎಲ್ಲವೂ ಕೇರಿ. ಹಳೇ ಪೇಟೆಯ ಬೀದಿಗಳ ಹೆಸರು ಈಗ ತೆಂಗಿನ ತೋಟಗಳಿಗೆ ಉಳಿದುಕೊಂಡಿದೆ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಎಲ್ಲರೂ ಎದುರಿಂದ ಕೈಮುಗಿದು ಹೊರಟುಬಿಡುತ್ತಾರೆ. ನೀವು ಗರ್ಭಗುಡಿಯ ಹಿಂದಕ್ಕೆ ಹೋಗಿ ನೋಡಿ. ಗೋಡೆ ಚೌಕವಾಗಿ ಮುಗಿಯದೆ ಅರ್ಧಚಂದ್ರದ ಹಾಗೆ ಬಾಗಿದೆ. ಇದಕ್ಕೆ ಗಜಪೃಷ್ಠ ಅಂತ ಹೆಸರು. ಕೂತ ಆನೆಯ ಬೆನ್ನು ನೋಡಿದವರಿಗೆ ಹೆಸರು ಯಾಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಹೊಳೆ. ಬೆಣ್ಣೆಕುದ್ರಿನ ಕಡೆ ಹೋಗುವ ದಾರಿ ಕೇಳಿ. ಕುದ್ರು ಅಂದರೆ ಹೊಳೆ ನಡುವಿನ ನೆಲ, ನಿಮಗೆ ಗೊತ್ತಿರುತ್ತದೆ. ಅಲ್ಲಿ ಮೊಗವೀರರ ಕುಲಮಹಾಸ್ತ್ರೀ ಅಮ್ಮನ ದೇವಸ್ಥಾನ ಇದೆ. ಮೀನುಗಾರರ ತಾಯಿ ನೀರಿನ ಬದಿಯಲ್ಲಿ ಕೂರದೆ ಇನ್ನೆಲ್ಲಿ ಕೂರುತ್ತಾಳೆ? ನಾವು ಹೋದಾಗ ಇಳಿತದ ಹೊತ್ತು. ಕೆಸರು ಹೊಳೆಯುತ್ತಿತ್ತು. ಹೆಂಗಸೊಬ್ಬರು ಮೊಣಕಾಲು ನೀರಲ್ಲಿ ನಿಂತು ಕಾಲಿನಿಂದಲೇ ತಡಕಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದರು. ಬೆರಳಿಗೆ ಸಿಕ್ಕಿದ್ದನ್ನು ಬಗ್ಗಿ ತೆಗೆದು, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕಿ, ಮತ್ತೆ ತಡಕುವುದು. ನಾದಿನಿ ತುಳುವಿನಲ್ಲಿ ರೇಟು ಕೇಳಿದಳು. ಕುಂದಾಪ್ರ ಕನ್ನಡದಲ್ಲಿ ಉತ್ತರ ಬಂತು: “ಮಾರುಕಲ್ಲ, ಮನಿಗೆ.” ಕಲ್ಯಾಣಪುರದ ಹೊಳೆ ದಾಟಿದ ಮೇಲೆ ತುಳು ತೆಳುವಾಗುತ್ತಾ ಹೋಗುತ್ತದೆ ಅನ್ನುವುದು ನಾವು ಹೇಳಿಕೊಂಡು ಬಂದ ಮಾತು. ಆವತ್ತು ಕಿವಿಯಾರೆ ಕೇಳಿದೆ.

ನಿಧಾನವಾಗಿ, ಅಲ್ಲಲ್ಲಿ ಕೂತು ಹೋದರೆ ಮೂರೂವರೆ ಗಂಟೆ ಸಾಕು. ನಡುವೆ ಬೊಂಡ (ಎಳನೀರು) ಸಿಗುತ್ತದೆ. ಊಟಕ್ಕೆ ಬ್ರಹ್ಮಾವರಕ್ಕೆ ಬರುವುದೇ ಒಳ್ಳೆಯದು.

ಪ್ರಶ್ನೆ: ಬಾರ್ಕೂರಿನಲ್ಲಿ 365 ದೇವಸ್ಥಾನ ಇತ್ತಂತೆ, ದಿನಕ್ಕೊಂದರಂತೆ. ನಿಜವಾ? (ಕಾರ್ಕಳದ ವಿದ್ಯಾರ್ಥಿನಿ)

ಉತ್ತರ: ನನ್ನ ಅಜ್ಜಿಯೂ ಹೇಳುತ್ತಿದ್ದರು. ದೇವಸ್ಥಾನ ಬಹಳ ಇದ್ದದ್ದು ನಿಜ, ಈಗಲೂ ಬಹಳ ಇವೆ. 365 ಅನ್ನುವುದು ಲೆಕ್ಕ ಮಾಡಿ ಹೇಳಿದ್ದಲ್ಲ, “ಎಣಿಸಿ ಮುಗಿಯದಷ್ಟು” ಅನ್ನುವುದಕ್ಕೆ ಜನ ಇಟ್ಟ ಸಂಖ್ಯೆ ಅಂತ ನನ್ನ ಅಭಿಪ್ರಾಯ. ಎಣಿಸಲು ಹೊರಟರೆ ಎಣಿಕೆಯೇ ಆಗುತ್ತದೆ, ನೋಡುವುದು ಆಗುವುದಿಲ್ಲ.

ಪ್ರಶ್ನೆ: ತಮಿಳುನಾಡಿನಲ್ಲಿ ಎತ್ತರದ ಗೋಪುರ, ಹಳೇಬೀಡಿನಲ್ಲಿ ರಾಶಿ ಕೆತ್ತನೆ. ನಮ್ಮ ಕರಾವಳಿಯ ಹಳೇ ದೇವಸ್ಥಾನ, ಬಸದಿ ಯಾಕೆ ಮನೆಯ ಹಾಗೆ ಕಾಣುತ್ತವೆ? (ಬೆಂಗಳೂರಿನಲ್ಲಿರುವ ಸುರತ್ಕಲ್‌ನವರು)

ಉತ್ತರ: ಮಳೆ ಮಾರ್ರೆ, ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವಲ್ಲಿ ಇಳಿಜಾರು ಮಾಡು (ಚಾವಣಿ) ಇಲ್ಲದೆ ಆಗುತ್ತದಾ? ಮನೆಗೂ ದೇವರಿಗೂ ಒಂದೇ ಮಳೆ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲೂ ಮಾಡು ಹಂತ ಹಂತವಾಗಿ ಇಳಿದು ಬರುತ್ತದೆ.

ಎರಡನೇ ಕಾರಣ ಕಲ್ಲು. ನಮ್ಮಲ್ಲಿ ಕೈಗೆ ಸಿಗುವುದು ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಅಗೆಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಜಾತಿ. ಮೈತುಂಬ ತೂತು. ಹಳೇ ಗೋಡೆಯ ಹತ್ತಿರ ಮುಖ ಇಟ್ಟು ನೋಡಿ: ಒಂದು ತೂತಿನಲ್ಲಿ ಪಾಚಿ, ಒಂದರಲ್ಲಿ ಇರುವೆ ಮನೆ, ಇನ್ನೊಂದರಲ್ಲಿ ಬೆರಳುದ್ದದ ಜರಿಗಿಡ. ಇದರಲ್ಲಿ ಹಳೇಬೀಡಿನ ಹಾರದ ಮಣಿ ಕೆತ್ತಲು ಹೊರಟರೆ ಮಣಿಯೂ ಉದುರುತ್ತದೆ, ಶಿಲ್ಪಿಯ ತಾಳ್ಮೆಯೂ ಉದುರುತ್ತದೆ. ಹಾಗಾಗಿ ಗೋಡೆ ಮುರಕಲ್ಲು, ನಯದ ಕೆಲಸ ಬೇಕಾದಲ್ಲಿ ಕರಿಕಲ್ಲು ಅಥವಾ ಮರ.

ಇನ್ನೊಂದು ಮಾತು. ಕೆಂಪು ಹಂಚು ಕಂಡ ಕೂಡಲೇ “ಪುರಾತನ” ಅಂತ ಬರೆಯಬೇಡಿ. ಮಂಗಳೂರು ಹಂಚು ಶುರುವಾದದ್ದೇ 1865ರಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ನೇತ್ರಾವತಿ ದಡದ ಹತ್ತಿರ ಕಾರ್ಖಾನೆ ಹಾಕಿದ ಮೇಲೆ. ಅದಕ್ಕಿಂತ ಹಳೇ ಗುಡಿಯ ಮೇಲೆ ಆ ಹಂಚು ಕಂಡರೆ ಅದು ಆಮೇಲೆ ಹೊದೆಸಿದ್ದು. ಮೊದಲು ಹುಲ್ಲು, ಕಲ್ಲು ಚಪ್ಪಡಿ, ದುಡ್ಡಿದ್ದವರದ್ದು ತಾಮ್ರ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಬರೀ ದೇವಸ್ಥಾನ, ಬಸದಿ. ಹೊಳೆ ಬದಿಯಲ್ಲಿ ಇಗರ್ಜಿ, ಮಸೀದಿ ಇಲ್ವಾ? (ಸಂತೆಕಟ್ಟೆಯ ಓದುಗರು)

ಉತ್ತರ: ಇದ್ದಾವೆ, ತಪ್ಪು ನನ್ನದೇ. ಅದೂ ನಿಮ್ಮ ಮನೆ ಹಿತ್ತಲಿನಲ್ಲೇ ಇದೆ. ಕಲ್ಯಾಣಪುರ ಸ್ವರ್ಣಾ ನದಿಯ ಹಳೇ ಪೇಟೆ. ಅಲ್ಲಿನ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ ಶುರುವಾಗುವುದು 1678ರಲ್ಲಿ. 2012ರಲ್ಲಿ ಉಡುಪಿ ಧರ್ಮಪ್ರಾಂತ ಬೇರೆಯಾದಾಗ ಅದು ಕೆಥೆಡ್ರಲ್ ಆಯಿತು. ಸಂಜೆ ಹೊಳೆ ಕಡೆಯಿಂದ ಆ ದಾರಿಯಲ್ಲಿ ನಡೆದು ಬನ್ನಿ. ಬ್ರಹ್ಮಾವರಕ್ಕೆ ಹೋದಾಗ ಅಲ್ಲಿನ ಸಂತ ಮೇರಿ ಸಿರಿಯನ್ ಆರ್ಥೊಡಾಕ್ಸ್ ಕೆಥೆಡ್ರಲ್ಲನ್ನೂ ಬಿಡಬೇಡಿ. ಸಿರಿಯನ್ ಅಂದ ಕೂಡಲೇ ನಾವು ಕೇರಳ ಅಂದುಕೊಳ್ಳುತ್ತೇವೆ. ಇಲ್ಲಿಯವರ ಮನೆಮಾತು ಕೊಂಕಣಿ. 1889ರಲ್ಲಿ ಬಿಷಪ್ ಆದ ಗೋವಾ ಮೂಲದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಕಾಲದಲ್ಲಿ ಕೆಥೊಲಿಕ್ ಸಭೆಯಿಂದ ಕವಲೊಡೆದ ಸಮುದಾಯ ಇದು.

ಇನ್ನು ಮೂಲ್ಕಿ. ಶಾಂಭವಿ ಹೊಳೆಯ ಬದಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಕತೆ ನಿಮಗೆ ಗೊತ್ತಿರಬಹುದು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯ ದೋಣಿ ಹೊಳೆ ನಡುವೆ ನಿಂತುಬಿಟ್ಟಿತು. ನೀರು ಕೆಂಪಾಯಿತು. ರಾತ್ರಿ ಕನಸಿನಲ್ಲಿ ಬಂದ ದೇವಿ ಗುಡಿ ಕಟ್ಟಿಸು ಅಂದಳು. ಊರಿನ ಜೈನ ಅರಸ ಸಾವಂತನ ನೆರವಿನಿಂದ ಬ್ಯಾರಿ ಕಟ್ಟಿಸಿದ. ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದ ಸಲ್ಲುವುದು ಈಗಲೂ ನಡೆದುಬಂದಿದೆ. ಹೆದ್ದಾರಿಯಲ್ಲಿ ಬಸ್ಸಿನಿಂದ ನೋಡಿದರೆ ಅದು ರಸ್ತೆ ಬದಿಯ ಒಂದು ದೇವಸ್ಥಾನ. ಹಿಂದಕ್ಕೆ ಹೋಗಿ ಶಾಂಭವಿಯ ಅಗಲ ನೋಡಿ. ಅಷ್ಟು ನೀರಿನಲ್ಲಿ ತುಂಬಿದ ದೋಣಿ ಅಲ್ಲಾಡದೆ ನಿಂತರೆ ವ್ಯಾಪಾರಿಯ ಎದೆ ಹೇಗಾಗಿರಬೇಕು ಅಂತ ಆಗ ಅಂದಾಜಾಗುತ್ತದೆ. ಅಲ್ಲಿನ ದೊಡ್ಡ ಡೋಲನ್ನೂ ಕೇಳಿ ನೋಡಿಕೊಂಡು ಬನ್ನಿ.

ಪ್ರಶ್ನೆ: ಮಳೆಗಾಲದಲ್ಲಿ ಹೋಗಬಹುದಾ? ಯಾವ ಚಪ್ಪಲಿ? ಬೀದಿನಾಯಿ ಕಾಟಕ್ಕೆ ಏನು ಮಾಡುವುದು? (ಹೆಸರು ಬೇಡ ಎಂದವರು, ಕುಂದಾಪುರ)

ಉತ್ತರ: ಮಳೆಗಾಲದಲ್ಲಿ ಬೇಡ. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ “ಹಸಿರು ಚೆನ್ನಾಗಿರುತ್ತದೆ” ಅಂತ ಹೋದೆ. ಹಸಿರು ಚೆನ್ನಾಗಿಯೇ ಇತ್ತು, ಮೆಟ್ಟಿಲ ಮೇಲೂ ಇತ್ತು. ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಕಾಲಿಟ್ಟದ್ದು ಗೊತ್ತು, ಕೂತದ್ದು ಗೊತ್ತು, ನಡುವೆ ಏನಾಯಿತು ಗೊತ್ತಿಲ್ಲ. ಸೀರೆ ಕೆಂಪು, ಚಪ್ಪಲಿ ಒಂದು ತೋಡಿನ ಪಾಲು. ಮಂಡಿ ಕಟಕ್ ಅನ್ನಲು ಶುರು ಮಾಡಿದ್ದೂ ಆಮೇಲೆಯೇ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ದೇವಸ್ಥಾನಗಳಲ್ಲಿ ಬಿಚ್ಚಿ ಹಾಕುವುದು ಜಾಸ್ತಿ. ಹಾಗಾಗಿ ಲೇಸ್ ಇರುವ ಶೂ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು.

ನಾಯಿಗೆ ಕೊಡೆ. ಬೀಸಬೇಡಿ, ಸುಮ್ನೆ ಕೈಯಲ್ಲಿ ಉದ್ದಕ್ಕೆ ಹಿಡಿದು ನಿಧಾನ ನಡೆಯಿರಿ. ಬಿಸಿಲಿಗೂ ಆಯಿತು, ಮಂಡಿ ನೋವಿಗೆ ಊರುಗೋಲೂ ಆಯಿತು. ನನ್ನದನ್ನು ನವೆಂಬರಿನಲ್ಲಿ ಬ್ರಹ್ಮಾವರದ ಬಸ್ಸಿನಲ್ಲಿ ಬಿಟ್ಟು ಬಂದೆ. ನೀಲಿ ಬಣ್ಣ, ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದೆ. ಸಿಕ್ಕಿದವರು ಇಟ್ಟುಕೊಳ್ಳಿ, ಆದರೆ ಬಿಡಿಸುವಾಗ ಒಂದು ಕಡ್ಡಿ ಮೇಲಕ್ಕೆ ಏಳುತ್ತದೆ, ಕಣ್ಣು ಜೋಪಾನ.