ಇಟಲಿಗೆ ಹೊರಟಿದ್ದೀರಾ? ಬಾಗಿಲಲ್ಲೇ ‘ಬೊಂಜೋರ್ನೊ’ ಅನ್ನಿ

ಈ ಸಲ ಇಟಲಿ ಬಗ್ಗೆ ತುಂಬ ಪ್ರಶ್ನೆಗಳು ಬಂದಿವೆ. ಬಹಳಷ್ಟರ ಹಿಂದೆ ಇರುವುದು ಒಂದೇ ಅಂಜಿಕೆ: ‘ಅಲ್ಲಿ ನಮ್ಮನ್ನು ಯಾಮಾರಿಸ್ತಾರಾ?’ ನಾನು ಅಲ್ಲಿ ಕೆಲವು ವರ್ಷ ಇದ್ದು, ಆಮೇಲೆ ನಮ್ಮ ಕಡೆಯವರನ್ನು ಕರೆದುಕೊಂಡು ಓಡಾಡಿ ಕಂಡುಕೊಂಡದ್ದು ಇಷ್ಟು. ಅಲ್ಲಿ ಪ್ರತಿಯೊಂದಕ್ಕೂ ಒಂದು ಹೊತ್ತು, ಒಂದು ಜಾಗ, ಒಂದು ಕ್ರಮ ಇದೆ, ಒಳಗೆ ಕಾಲಿಡುವಾಗ ‘ಬೊಂಜೋರ್ನೊ’, ಅಂದರೆ ನಮಸ್ಕಾರ, ಅನ್ನುವುದೂ ಸೇರಿ. ಅದು ಗೊತ್ತಿಲ್ಲದೆ ಹೋದಾಗಲೇ ‘ಮೋಸ ಹೋದೆವು’ ಅನ್ನಿಸುವುದು ಜಾಸ್ತಿ.

ಪ್ರಶ್ನೆ: ಅಪ್ಪ, ಅಮ್ಮನ ಜೊತೆ ಹತ್ತು ದಿನ ರೋಮ್, ಫ್ಲಾರೆನ್ಸ್, ವೆನಿಸ್ ನೋಡಲು ಹೊರಟಿದ್ದೇವೆ. ನಾವು ಸಸ್ಯಾಹಾರಿಗಳು. ಅಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಅವರಿಗೆ ಶುಗರ್ ಬೇರೆ ಇದೆ. ಹತ್ತೂ ದಿನ ಪುಳಿಯೋಗರೆ ಗೊಜ್ಜಿನಲ್ಲೇ ಕಳೆಯಬೇಕಾ? (ಮೈಸೂರಿನ ಓದುಗರು)

ಉತ್ತರ: ಖಂಡಿತ ಬೇಡ. ಗೊಜ್ಜು ಇರಲಿ, ಒಂದೆರಡು ರಾತ್ರಿಗೆ ಬೇಕಾಗುತ್ತದೆ. ಮನೆಯ ತುಪ್ಪ ಮತ್ತು ಹಸಿ ಕರಿಬೇವು ಮಾತ್ರ ಬಿಟ್ಟು ಬನ್ನಿ. ಹಾಲಿನ ಪದಾರ್ಥಗಳನ್ನೂ ಹಸಿ ಸೊಪ್ಪನ್ನೂ ಹೊರದೇಶದಿಂದ ಹಾಗೆ ತರಲು ಅಲ್ಲಿ ಬಿಡುವುದಿಲ್ಲ.

ಮೊದಲು ಮೊಟ್ಟೆಯ ವಿಷಯ. ಸ್ಪಗೆಟ್ಟಿ, ಪೆನ್ನೆಯಂಥ ಒಣ ಪಾಸ್ತಾ ಸಾಮಾನ್ಯವಾಗಿ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ತಾಜಾ ಪಾಸ್ತಾ ಹಾಗಲ್ಲ. ತಾಲ್ಯತೆಲ್ಲೆ, ರವಿಯೋಲಿ, ಲಜಾನ್ಯೆಯ ಹಿಟ್ಟಿಗೆ ಮೊಟ್ಟೆ ಒಡೆದು ಹಾಕುವುದೇ ರೂಢಿ. ಹಾಗಾಗಿ ಅಮ್ಮನಿಗೆ ಒಣ ಪಾಸ್ತಾ ಹೇಳಿ. ಬೆಳ್ಳುಳ್ಳಿ ಮತ್ತು ಎಣ್ಣೆಯ ‘ಆಲ್ಯೊ ಎ ಓಲ್ಯೊ’, ಟೊಮೆಟೊದ ‘ಪೊಮೊದೋರೊ’, ಸ್ವಲ್ಪ ಖಾರ ಬೇಕಾದರೆ ‘ಅರ್ರಾಬ್ಬಿಯಾತಾ’. ಮೂರೂ ಎಲ್ಲ ಕಡೆ ಸಿಗುತ್ತವೆ.

ಚೀಸ್ ವಿಷಯದಲ್ಲಿ ನಿಮ್ಮ ಮನೆಯವರೇ ಕೂತು ತೀರ್ಮಾನ ಮಾಡಬೇಕು. ಪರ್ಮೆಸಾನ್ ಅಂತ ನಾವು ಕರೆಯುವ ಪಾರ್ಮಿಜಾನೊ ರೆಜ್ಜಾನೊಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನು ಹಾಗೇ ಮಾಡಬೇಕು ಅನ್ನುವುದು ಅದರ ನಿಯಮ. ರೋಮ್‌ನ ಪೆಕೊರೀನೊ ಚೀಸಿಗೆ ಬಳಸುವುದು ಕುರಿಮರಿಯದ್ದು. ಇಟಲಿಯವರ ಲೆಕ್ಕದಲ್ಲಿ ಇದು ಸಸ್ಯಾಹಾರವೇ, ಹಾಗಾಗಿ ಅವರಾಗಿಯೇ ಹೇಳುವುದಿಲ್ಲ. ಬೇಡ ಅನ್ನಿಸಿದರೆ ‘ಸೆಂತ್ಸಾ ಫೊರ್ಮಾಜ್ಜೊ’, ಅಂದರೆ ಚೀಸ್ ಬೇಡ ಅನ್ನಿ. ಪೀತ್ಸಾದಲ್ಲಿ ‘ಮರಿನಾರಾ’ ಹೇಳಿ. ಹೆಸರಿನಲ್ಲಿ ಕಡಲಿದೆ, ಮೇಲೆ ಇರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಮಾತ್ರ. ಇನ್ನೊಂದು ಹೆಸರು ನಮ್ಮವರನ್ನು ಸುಮ್ನೆ ಹೆದರಿಸುತ್ತದೆ: ಪೆಪೆರೋನಿ. ಬೇರೆ ಕಡೆ ಅದು ಮಾಂಸದ ಸಾಸೇಜು, ಇಟಲಿಯಲ್ಲಿ ಪೆಪೆರೋನಿ ಅಂದರೆ ದಪ್ಪ ಮೆಣಸಿನಕಾಯಿ. ಧೈರ್ಯವಾಗಿ ತಿನ್ನಿ.

ಎಚ್ಚರ ಬೇಕಾದ್ದು ಕಣ್ಣಿಗೆ ಕಾಣದ ಕಡೆ. ರೋಮ್‌ನಲ್ಲಿ ಕುಂಬಳದ ಜಾತಿಯ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನೋಡಲು ಥೇಟ್ ನಮ್ಮ ಹೂವಿನ ಬಜ್ಜಿ. ಗರಿಗರಿ ಹೊರಗೆ, ಒಳಗೆ ಕರಗಿದ ಮೊಜ್ಜರೆಲ್ಲಾ. ಅದರ ನಡುವೆ ಬೆರಳುದ್ದದ ಒಂದು ಉಪ್ಪು ಮೀನಿನ ಎಳೆ. ನನ್ನ ಜೊತೆ ಬಂದ ಹಿರಿಯರೊಬ್ಬರು ಅರ್ಧ ಕಚ್ಚಿದ ಮೇಲೆ ಅದು ಕಂಡಿತು. ಅವರ ಮುಖ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಆ ಮೀನಿನ ಹೆಸರು ‘ಅಲೀಚಿ’ ಅಥವಾ ‘ಅಚ್ಚೂಗೆ’. ಈ ಎರಡು ಪದ ಬಾಯಿಪಾಠ ಮಾಡಿ. ರಿಸೊತ್ತೊ ಅನ್ನುವ ಅನ್ನದ ತಿನಿಸಿಗೆ ಮತ್ತು ಸೂಪಿಗೆ ಮಾಂಸದ ಸಾರು ಹಾಕಿರಬಹುದು. ‘ಬ್ರೋದೊ ವೆಜೆತಾಲೆ?’ ಅಂತ ಕೇಳಿ, ತರಕಾರಿ ಸಾರಾ ಅಂತ ಅರ್ಥ. ‘ನಾವು ವೆಜಿಟೇರಿಯನ್’ ಅಂದುಬಿಟ್ಟರೆ ಸಾಲದು. ಮಾಂಸ, ಮೀನು, ಮೊಟ್ಟೆ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಬೇಕು: ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ವೊವಾ.

ಮೆನುವಿನಲ್ಲಿ ಕೊನೆಯ ಕಡೆ ‘ಕೊಂತೋರ್ನಿ’ ಅಂತ ಒಂದು ಪಟ್ಟಿ ಇರುತ್ತದೆ. ಹೆಚ್ಚಿನವರು ಅಲ್ಲಿವರೆಗೆ ಓದುವುದೇ ಇಲ್ಲ. ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿದ ಸೊಪ್ಪು, ಸುಟ್ಟ ಬದನೆಕಾಯಿ, ಬೇಯಿಸಿದ ಬಿಳಿ ಕಾಳು ಎಲ್ಲ ಅಲ್ಲಿರುತ್ತವೆ. ಶುಗರ್ ಇರುವವರಿಗೆ ಪಾಸ್ತಾಗಿಂತ ಅದೇ ವಾಸಿ. ಫ್ಲಾರೆನ್ಸ್‌ನಲ್ಲಿ ಬ್ರೆಡ್ ಸಪ್ಪೆ ಅಂತ ಅಮ್ಮ ಅಂದರೆ ಗಾಬರಿ ಬೇಡ, ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವ ಪದ್ಧತಿಯೇ ಇಲ್ಲ.

ಹೊತ್ತು ಮಾತ್ರ ಮರೆಯಬೇಡಿ. ಮಧ್ಯಾಹ್ನ ಎರಡೂವರೆ ಸುಮಾರಿಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಒಲೆ ಹೊತ್ತುವುದು ಸಂಜೆ ಏಳು, ಏಳೂವರೆಗೆ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ನಡುವಿನ ಹೊತ್ತಿಗೆ ಏನಾದರೂ ಕೈಚೀಲದಲ್ಲಿ ಇಟ್ಟುಕೊಳ್ಳಲೇಬೇಕು.

ಪ್ರಶ್ನೆ: ನಮ್ಮ ತಮ್ಮ ರೋಮ್‌ನಲ್ಲಿ ಒಂದು ಕಾಫಿಗೆ ಪಕ್ಕದವರು ಕೊಟ್ಟದ್ದರ ಮೂರರಷ್ಟು ಕೊಟ್ಟು ಬಂದಿದ್ದಾನೆ. ಊಟದ ಬಿಲ್ಲಿನಲ್ಲೂ ತಲೆಗೆ ಎರಡು ಯೂರೋ ಜಾಸ್ತಿ ಹಾಕಿದ್ದರಂತೆ. ಇದು ಮೋಸ ಅಲ್ವಾ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ತಮ್ಮ ಕೂತು ಕುಡಿದಿದ್ದಾರೆ, ಪಕ್ಕದವರು ನಿಂತು ಕುಡಿದಿದ್ದಾರೆ. ವ್ಯತ್ಯಾಸ ಅಷ್ಟೇ ಇರಬೇಕು.

ಇಟಲಿಯಲ್ಲಿ ‘ಬಾರ್’ ಅಂದರೆ ನಮ್ಮ ದರ್ಶಿನಿ. ಹೆಚ್ಚು ಗಿರಾಕಿ ಇರುವ ಕಡೆ ಮೊದಲು ‘ಕಾಸ್ಸಾ’ದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಥೇಟ್ ನಮ್ಮ ಟೋಕನ್. ಆ ಚೀಟಿಯನ್ನು ಕೌಂಟರಿನ ಮೇಲಿಟ್ಟು ‘ಬೊಂಜೋರ್ನೊ, ಉನ್ ಕಫ್ಫೆ’ ಅನ್ನಿ. ಮೊದಲು ಖಾಲಿ ತಟ್ಟೆ ಟಣ್ ಅಂತ ನಿಮ್ಮ ಮುಂದೆ ಬಂದು ಕೂರುತ್ತದೆ, ಪಕ್ಕದಲ್ಲಿ ಪುಟ್ಟ ಚಮಚ. ಅಂದರೆ ನಿಮ್ಮ ಸರದಿ ಬಂತು. ಆಮೇಲೆ ಬರುವ ಬಟ್ಟಲಿನ ತಳದಲ್ಲಿ ಎರಡು ಗುಟುಕು ಕಾಫಿ, ಮೇಲೆ ಕಂದು ನೊರೆ. ಸಕ್ಕರೆ ಹಾಕಿ, ಕಲಕಿ, ಕುಡಿದು, ಹೊರಡುವುದು. ಎರಡು ನಿಮಿಷದ ಕೆಲಸ. ಹೀಗೆ ನಿಂತು ಕುಡಿದರೆ ಒಂದೂವರೆ ಯೂರೋ ಒಳಗೆ ಮುಗಿಯುತ್ತದೆ. ದೊಡ್ಡ ಚೌಕದ ಮೇಜಿನಲ್ಲಿ ಕೂತರೆ ನೀವು ಆ ಜಾಗಕ್ಕೂ, ಎದುರಿನ ನೋಟಕ್ಕೂ ಕೊಡುತ್ತಿದ್ದೀರಿ. ಅಪ್ಪ, ಅಮ್ಮನಿಗೆ ಕಾಲು ನೋವಿದ್ದರೆ ಕೂರಿ, ತಪ್ಪೇನಿಲ್ಲ. ದರಪಟ್ಟಿಯನ್ನು ಒಮ್ಮೆ ನೋಡಿ ಕೂರಿ.

ಫಿಲ್ಟರ್ ಕಾಫಿ ರುಚಿಯ ನಾಲಿಗೆಗೆ ಕಪ್ಪುಚ್ಚೀನೊ ಹಿಡಿಸುತ್ತದೆ. ಅವರು ಅದನ್ನು ಬೆಳಿಗ್ಗೆ ಮಾತ್ರ ಕುಡಿಯುತ್ತಾರೆ. ಊಟದ ಮೇಲೆ ಅಷ್ಟು ಹಾಲು ಹೊಟ್ಟೆಗೆ ಭಾರ ಅನ್ನುವ ನಂಬಿಕೆ. ನೀವು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಬರೀ ‘ಲಾತ್ತೆ’ ಅಂದರೆ ಮಾತ್ರ ಒಂದು ಲೋಟ ಹಾಲು ಬರುತ್ತದೆ.

ತಲೆಗೆ ಎರಡು ಯೂರೋ ಅನ್ನುವುದು ಇಟಲಿಯ ಹಲವು ಕಡೆ ‘ಕೊಪೆರ್ತೊ’. ಮೇಜು, ಬಟ್ಟೆ, ಬ್ರೆಡ್ಡಿನ ಲೆಕ್ಕ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯದಲ್ಲಿ ಮಾತ್ರ ಕೊಪೆರ್ತೊ ಹಾಕಲು ನಿಯಮ ಬಿಡುವುದಿಲ್ಲ, ಅಲ್ಲಿ ಅದು ಬ್ರೆಡ್ಡಿನ ದುಡ್ಡು ಇರಬಹುದು. ಮೆನುವಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಬರೆದಿಲ್ಲದೆ ಬಿಲ್ಲಿಗೆ ಹಾಕಿದ್ದರೆ ಕೇಳುವ ಹಕ್ಕು ನಿಮಗಿದೆ, ಕೇಳಿ. ಟಿಪ್ಸ್ ಕೊಡಲೇಬೇಕು ಅಂತ ಇಲ್ಲ.

ಪ್ರಶ್ನೆ: ರೈಲಿನಲ್ಲಿ ಟಿಕೆಟ್ ಇದ್ದರೂ ದಂಡ ಹಾಕ್ತಾರೆ ಅಂತಾರೆ. ನಿಜವಾ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಜ. ‘ರೆಜೊನಾಲೆ’ ಅನ್ನುವ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ ಪ್ಲಾಟ್‌ಫಾರಂ ಬಳಿಯ ಪುಟ್ಟ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ತುದಿ ತೂರಿಸಿದರೆ ಕಟಕ್ ಅಂತ ದಿನ, ಗಂಟೆ ಬೀಳುತ್ತದೆ. ಬಿದ್ದಿದೆಯಾ ಅಂತ ನೋಡಿಯೇ ಹತ್ತಿ. ಮೊಬೈಲಿನಲ್ಲಿ ಕೊಂಡರೆ ಈ ಯಂತ್ರ ಬೇಡ, ಅದರಲ್ಲಿ ಚೆಕ್-ಇನ್ ಕೇಳಿದರೆ ಮಾಡಿ. ಫ್ರೆಚ್ಚಾರೊಸ್ಸಾ, ಇತಾಲೊದಂಥ ವೇಗದ ರೈಲುಗಳಲ್ಲಿ ಸೀಟು, ಹೊತ್ತು ಎರಡೂ ಟಿಕೆಟ್ಟಿನಲ್ಲೇ ನಿಗದಿ. ಅಲ್ಲಿ ಮುದ್ರೆ ಬೇಡ.

ವೆನಿಸ್‌ಗೆ ಹೋಗುವವರು ‘ವೆನೇತ್ಸಿಯಾ ಮೆಸ್ತ್ರೆ’ ಅಂತ ಬೋರ್ಡು ಕಂಡ ಕೂಡಲೇ ಇಳಿದುಬಿಡುತ್ತಾರೆ. ಅದು ಈಚೆ ದಡ. ಕಾಲುವೆಗಳ ಊರಿಗೆ ‘ಸಾಂತಾ ಲೂಚಿಯಾ’ ನಿಲ್ದಾಣ. ‘ಶೋಪೆರೊ’ ಅಂತ ಬರೆದದ್ದು ಕಂಡರೆ ಮುಷ್ಕರ ಅಂತ ಅರ್ಥ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಗಂಟೆಯ ನಡುವೆ ಪ್ಯಾಸೆಂಜರ್ ರೈಲುಗಳಲ್ಲಿ ಕೆಲವನ್ನು ಓಡಿಸಲೇಬೇಕು ಅನ್ನುವ ನಿಯಮ ಇದೆ.

ಪ್ರಶ್ನೆ: ಮಗಳು ಬೊಲೊನ್ಯಾಗೆ ಓದಲು ಹೋಗುತ್ತಿದ್ದಾಳೆ. ಮೊದಲ ವಾರದಲ್ಲಿ ಏನೇನು ಮಾಡಬೇಕು? ನನಗೆ ನಿದ್ದೆಯೇ ಬರುತ್ತಿಲ್ಲ. (ಶಿವಮೊಗ್ಗದ ತಾಯಿ)

ಉತ್ತರ: ಒಳ್ಳೆಯ ಊರಿಗೇ ಹೋಗುತ್ತಿದ್ದಾಳಮ್ಮ. 1088ರಿಂದ ಲೆಕ್ಕ ಹಿಡಿಯುವ ವಿಶ್ವವಿದ್ಯಾಲಯ, ಊರು ತುಂಬ ವಿದ್ಯಾರ್ಥಿಗಳು. ಬೀದಿಗಳಿಗೆ ಕಂಬ ಸಾಲಿನ ಜಗಲಿ ಕಟ್ಟಿದ್ದಾರೆ, ಹಳೆಯ ಊರಿನೊಳಗೇ ಸುಮಾರು 38 ಕಿಲೋಮೀಟರು. ಮಳೆಯಲ್ಲೂ ನೆನೆಯದೆ ಕ್ಲಾಸಿಗೆ ಹೋಗಬಹುದು.

ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ, ಅಂದರೆ ‘ಪೆರ್ಮೆಸ್ಸೊ ದಿ ಸೊಜ್ಜೋರ್ನೊ’ಗೆ, ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಬೇಕಾದ 16 ಯೂರೋ ಸ್ಟಾಂಪು ಸಿಗುವುದು ದೊಡ್ಡ ‘ಟಿ’ ಅಕ್ಷರದ ಬೋರ್ಡಿರುವ ತಂಬಾಕಿನ ಅಂಗಡಿಯಲ್ಲಿ. ಬಸ್ ಟಿಕೆಟ್ಟೂ ಅಲ್ಲೇ. ಅಂಚೆಯವರು ಕೊಡುವ ರಸೀದಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಲಿ. ಮನೆ ನೋಡದೆ ಮುಂಗಡ ಕಳಿಸಬೇಡಿ. ಎಷ್ಟೇ ಚೆನ್ನಾದ ಫೋಟೊ ಇದ್ದರೂ ಬೇಡ.

ಸೂಪರ್ ಮಾರ್ಕೆಟ್ಟಿನಲ್ಲಿ ಹಣ್ಣನ್ನು ಬರಿಗೈಯಲ್ಲಿ ಮುಟ್ಟಿದರೆ ಹಿಂದಿನ ಅಜ್ಜಿ ಗದರಬಹುದು. ತೆಳು ಪ್ಲಾಸ್ಟಿಕ್ ಗ್ಲೌಸ್ ಅಲ್ಲೇ ಇಟ್ಟಿರುತ್ತಾರೆ. ಅದನ್ನು ಹಾಕಿ ಆರಿಸಿ, ತಕ್ಕಡಿಯ ಮೇಲಿಟ್ಟು, ಹಣ್ಣಿನ ನಂಬರ್ ಒತ್ತಿ, ಚೀಟಿ ಅಂಟಿಸಬೇಕು. ಮಾತಿನ ವಿಷಯದಲ್ಲಿ ಕನ್ನಡದ ಹುಡುಗಿಗೆ ಕಷ್ಟವಿಲ್ಲ. ನಮ್ಮ ನೀನು, ನೀವು ಹಾಗೇ ಅವರಿಗೆ ‘ತು’ ಮತ್ತು ‘ಲೇಯಿ’. ಮೇಷ್ಟ್ರಿಗೆ, ಅಂಗಡಿಯವರಿಗೆ ‘ಲೇಯಿ’, ‘ಬೊಂಜೋರ್ನೊ’. ‘ಚಾವ್’ ಗೆಳತಿಯರಿಗೆ ಮಾತ್ರ. ಪರೀಕ್ಷೆಗಳಲ್ಲಿ ಬಾಯಿಮಾತಿನವೂ ತುಂಬ ಇರುತ್ತವೆ, 30ಕ್ಕೆ 18 ಬಂದರೆ ಪಾಸು. ಈಗಿನಿಂದಲೇ ಜೋರಾಗಿ ಹೇಳಿ ಓದುವ ಅಭ್ಯಾಸ ಮಾಡಿಸಿ. ಇನ್ನು ಬಚ್ಚಲಿನ ಚಿಂತೆ ಬೇಡ. ಮನೆಗೆ ಒಂದಾದರೂ ಬಿದೆ, ಅಂದರೆ ಕೂತು ತೊಳೆದುಕೊಳ್ಳುವ ತೊಟ್ಟಿ, ಇರಬೇಕು ಅನ್ನುವುದು 1975ರಿಂದ ಅಲ್ಲಿನ ನಿಯಮ. ಯುರೋಪಿನಲ್ಲಿ ತೊಳೆದುಕೊಳ್ಳಲು ನೀರು ಸಿಗುವ ಮನೆಗೇ ಹೋಗುತ್ತಿದ್ದಾಳೆ.

ಪ್ರಶ್ನೆ: ಜುಲೈ ಬಿಸಿಲಿನಲ್ಲಿ ಇಬ್ಬರು ಮಕ್ಕಳೊಂದಿಗೆ ರೋಮ್‌ಗೆ ಹೋಗುತ್ತಿದ್ದೇವೆ. ಏನು ಗಮನಿಸಬೇಕು? (ಮಂಗಳೂರಿನ ಓದುಗರು)

ಉತ್ತರ: ಚರ್ಚಿಗೆ ಹೋಗುವ ದಿನ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಸರ್ಕಾರದ ಮ್ಯೂಸಿಯಂ, ಕೊಲೊಸ್ಸಿಯಂಗಳಲ್ಲಿ 18 ತುಂಬದ ಮಕ್ಕಳಿಗೆ ಪ್ರವೇಶಕ್ಕೆ ದುಡ್ಡಿಲ್ಲ. ಪಾಸ್‌ಪೋರ್ಟ್ ಒಯ್ಯಿರಿ. ವ್ಯಾಟಿಕನ್ ಬೇರೆ ದೇಶ, ಅದರ ಲೆಕ್ಕವೇ ಬೇರೆ. ಹೊರಡುವ ಮೊದಲು ಮಕ್ಕಳನ್ನು ನಿಮ್ಮೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಕರೆದುಕೊಂಡು ಹೋಗಿ. ಅಲ್ಲಿನ ಚಾವಣಿಯ ಚಿತ್ರ ಬರೆದ ಆಂತೋನಿಯೊ ಮೊಸ್ಕೆನಿ ಇಟಲಿಯ ಬೆರ್ಗಾಮೊ ಕಡೆಯವರು. ಆಮೇಲೆ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲಿನಲ್ಲಿ ಚಾವಣಿಯ ಚಿತ್ರ ನೋಡಲು ಕತ್ತೆತ್ತಿದಾಗ ಮಕ್ಕಳಿಗೆ ಅದು ಪರಿಚಯದ ಮನೆ ಅನ್ನಿಸುತ್ತದೆ.

ನೀರನ್ನು ಕೊಳ್ಳಬೇಡಿ. ರೋಮ್‌ನ ಬೀದಿಗಳಲ್ಲಿ ಸುಮಾರು 2,500 ನಲ್ಲಿ ಕಂಬಗಳಿವೆ, 1870ರ ದಶಕದಿಂದ ಹರಿಯುತ್ತಿವೆ. ಬಾಗಿದ ಕೊಳವೆ ಮೂಗಿನ ಹಾಗಿರುವುದರಿಂದ ‘ನಾಸೋನೆ’, ದೊಡ್ಡ ಮೂಗು ಅಂತ ಹೆಸರು. ಕುಡಿಯುವ ನೀರೇ, ತಣ್ಣಗಿರುತ್ತದೆ. ಮಕ್ಕಳು ಬಗ್ಗಿ ಬಾಯಿ ಒಡ್ಡುವುದು ಬೇಡ. ಕೊಳವೆಯ ತುದಿಗೆ ಬೆರಳು ಒತ್ತಿ ಹಿಡಿಯಿರಿ. ಮೇಲಿನ ಸಣ್ಣ ತೂತಿನಿಂದ ನೀರು ಕಮಾನಿನಂತೆ ಚಿಮ್ಮಿ ನೇರ ಅವರ ಬಾಯಿಗೇ ಬರುತ್ತದೆ.