ಮೈಯಲ್ಲಿ ಕರೆಂಟ್ ಜಾಸ್ತಿ ಆಗಿದೆಯಾ?

ಪ್ರಶ್ನೆ: ಸರ್, ಚಳಿಗಾಲ ಬಂತೆಂದರೆ ಕಾರಿನಿಂದ ಇಳಿದು ಬಾಗಿಲು ಮುಟ್ಟಿದ ಕೂಡಲೇ ಚಟ್ ಅಂತ ಶಾಕ್ ಹೊಡೆಯುತ್ತದೆ. ಮೈಯಲ್ಲಿ ಕರೆಂಟ್ ಜಾಸ್ತಿ ಇದೆ, ತಾಮ್ರದ ಕಡಗ ಹಾಕಿ ಅಂತ ಒಬ್ಬರು ಹೇಳಿದರು. ಮಳೆಗಾಲದಲ್ಲಿ ಗ್ರೈಂಡರ್ ಮುಟ್ಟಿದರೂ ಜುಂ ಅನ್ನುತ್ತಿತ್ತು. ಕಡಗ ಹಾಕಲಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಹಾಕಬೇಡಿ. ಪ್ರತಿ ಚಳಿಗಾಲ ಇದೇ ಪ್ರಶ್ನೆ, ಜೊತೆಗೆ ಯಾರೋ ಮಾರಿದ ಕಡಗವೋ ಉಂಗುರವೋ. ಇದನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಿಮ್ಮ ಮೈ ಕರೆಂಟ್ ತಯಾರಿಸುತ್ತಿಲ್ಲ. ಸೀಟಿಗೆ ಬಟ್ಟೆ ಉಜ್ಜಿದಾಗ ಒಂದಿಷ್ಟು ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಸೀಟಿಗೆ ಎಷ್ಟು ಬಂತೋ ನಿಮಗೆ ಅಷ್ಟೇ ಕಡಿಮೆ, ಇಲ್ಲ ಅದರ ಉಲ್ಟಾ. ಹೊಸದಾಗಿ ಏನೂ ಹುಟ್ಟಲಿಲ್ಲ. ನೀವು ಎದ್ದಾಗ ಆ ಎರಡು ಚಾರ್ಜ್ ದೂರ ಆಗುತ್ತವೆ, ಮೈಯ ವೋಲ್ಟೇಜ್ ಸಾವಿರಾರು ವೋಲ್ಟ್‌ಗೆ ಏರುತ್ತದೆ. ಗಾಬರಿ ಬೇಡ, ಅಲ್ಲಿರುವ ಚಾರ್ಜ್ ತೀರಾ ಸ್ವಲ್ಪ, ಹೆಚ್ಚೆಂದರೆ ಒಂದು ಕೂಲಂಬಿನ (ಚಾರ್ಜ್ ಅಳೆಯುವ ಮಾನ) ಹತ್ತು ಲಕ್ಷದಲ್ಲಿ ಒಂದು ಭಾಗದ ಆಸುಪಾಸು, ಒಂದು ಕಿಡಿಯಲ್ಲೇ ಖಾಲಿ. ಪೂರ್ತಿ ಒಂದೊಂದು ಕೂಲಂಬಿನ ಎರಡು ಚಾರ್ಜ್ 1 ಮೀಟರ್ ದೂರದಲ್ಲಿದ್ದರೆ ಅವುಗಳ ನಡುವಿನ ಬಲ ಸುಮಾರು 9 ಲಕ್ಷ ಟನ್ ತೂಕದಷ್ಟು, ಅಂಥದ್ದು ಯಾರ ಮೈಮೇಲೂ ಕೂರುವುದಿಲ್ಲ.

ಕಡಗ ನಿಮ್ಮ ಚರ್ಮಕ್ಕೆ ತಾಗಿಕೊಂಡೇ ಇರುತ್ತದೆ. ಮೈಗೆ ಎಷ್ಟು ವೋಲ್ಟೇಜೋ ಅದಕ್ಕೂ ಅಷ್ಟೇ. ಅದರಿಂದ ನೆಲಕ್ಕೆ ದಾರಿಯೇ ಇಲ್ಲ, ಚಾರ್ಜ್ ಹೋಗುವುದಾದರೂ ಎಲ್ಲಿಗೆ? ಅದರ ಬದಲು ಸೀಟಿನಿಂದ ಏಳುವ ಮೊದಲೇ ಬಾಗಿಲಿನ ಚೌಕಟ್ಟಿನಲ್ಲಿ ಬರಿಯ ಲೋಹ ಇರುವ ಕಡೆ ಹಿಡಿದು, ಹಿಡಿದುಕೊಂಡೇ ಇಳಿಯಿರಿ. ಖರ್ಚಿಲ್ಲ. ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿರುವಾಗ ಮಾತ್ರ ಕಾರಿನೊಳಗೆ ಹೋಗಿ ಕೂತು ಮತ್ತೆ ಇಳಿಯುವ ಕೆಲಸ ಬೇಡವೇ ಬೇಡ, ಅಲ್ಲಿ ಒಂದು ಕಿಡಿ ಸಾಕು.

ಈಗ ಗ್ರೈಂಡರ್ ವಿಷಯ. ನೀವು ಸುಮ್ನೆ ಸೇರಿಸಿದ ಆ ಒಂದು ಸಾಲು ಓದಿ ನನಗೆ ಹೆದರಿಕೆ ಆಯಿತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ, ಸೀಟು, ಗೋಡೆ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ಪೊರೆ ಇರುತ್ತದೆ, ಉಜ್ಜಿ ಬೇರೆಯಾದ ಚಾರ್ಜ್ ಅದರ ಮೇಲೆಯೇ ಹರಿದುಹೋಗುತ್ತದೆ. ಆಗುಂಬೆಯ ಜುಲೈನಲ್ಲಿ ಸ್ವೆಟರ್ ಚಟಪಟ ಅನ್ನುವುದಿಲ್ಲ, ಅಲ್ವಾ? ಹಾಗಾದರೆ ಮಳೆಗಾಲದಲ್ಲಿ ಜುಂ ಅಂದಿದ್ದು ಏನು? ಅದು 230 ವೋಲ್ಟಿನ ಲೈನಿನಿಂದ ಸೋರುತ್ತಿರುವ ಕರೆಂಟ್. ಕಾರಿನದು ಒಂದು ಸಲ ಚಟ್ ಅಂದು ಮುಗಿಯುತ್ತದೆ, ಇದು ಮುಟ್ಟಿದಷ್ಟು ಹೊತ್ತೂ ಬರುತ್ತದೆ, ಒದ್ದೆ ಕೈ ಬರಿಗಾಲು ಇದ್ದರೆ ಜೀವವನ್ನೇ ತೆಗೆಯುತ್ತದೆ. ಇವತ್ತೇ ಆ ಗ್ರೈಂಡರಿನ ಪ್ಲಗ್ ಕಿತ್ತಿಡಿ. ಬಲ್ಲ ಎಲೆಕ್ಟ್ರೀಷಿಯನ್ ಕರೆಸಿ ಗ್ರೈಂಡರ್ ಜೊತೆಗೆ ಮನೆಯ ಅರ್ಥಿಂಗನ್ನೂ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಹಲಗೆ ಮೇಲೆ ನಿಂತು ರುಬ್ಬುತ್ತೇವೆ ಅನ್ನುವವರ ಮಾತು ಕೇಳಬೇಡಿ. ಪ್ಲಗ್ಗಿನ ದಪ್ಪ ಪಿನ್ (ಅರ್ಥಿಂಗಿನದು ಅದೇ) ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ್ದರೆ ಮೊದಲು ಆ ಪ್ಲಗ್ಗನ್ನೇ ಬದಲಾಯಿಸಿ.

ಪ್ರಶ್ನೆ: ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಕೆಟ್ಟ ಚಾರ್ಜ್ ಹೋಗಿ ಬಿಪಿ ಇಳಿಯುತ್ತಾ?

ಉತ್ತರ: ಚಾರ್ಜಿನಲ್ಲಿ ಕೆಟ್ಟದ್ದು ಅಂತ ಇಲ್ಲ. ನಡೆಯಿರಿ, ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ತೋಟದಲ್ಲಿದ್ದಾಗ ಗುಡುಗು ಬಂದರೆ ಮೊಬೈಲ್ ಆಫ್ ಮಾಡಿದರೆ ಸಾಕಾ?

ಉತ್ತರ: ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ದೋಟಿ ಕೆಳಗಿಟ್ಟು ಮನೆಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ.

ಪ್ರಶ್ನೆ: ಪೇಪರ್ ಚೂರಿಗೆ ಚಾರ್ಜೇ ಇಲ್ಲ, ಆದರೂ ಬಾಚಣಿಗೆ ಹೇಗೆ ಎಳೆಯುತ್ತದೆ? (ಪಿಯು ವಿದ್ಯಾರ್ಥಿನಿ, ಸಾಗರ)

ಉತ್ತರ: ಒಳ್ಳೆಯ ಪ್ರಶ್ನೆ, ಇಂಥವು ಇನ್ನಷ್ಟು ಬರಲಿ. ಪೇಪರಿನಲ್ಲಿ ಪ್ಲಸ್ಸೂ ಮೈನಸ್ಸೂ ಸಮ ಇವೆ, ಇಲ್ಲವೇ ಇಲ್ಲ ಅಂತಲ್ಲ. ಬಾಚಣಿಗೆ ಹತ್ತಿರ ಬಂದಾಗ ಅವು ಚೂರು ಸರಿಯುತ್ತವೆ, ವಿರುದ್ಧ ಚಾರ್ಜ್ ಬಾಚಣಿಗೆಯ ಕಡೆಗೆ, ಅದೇ ಜಾತಿಯದು ಆಚೆಗೆ. 1785ರಲ್ಲಿ ಫ್ರೆಂಚ್ ವಿಜ್ಞಾನಿ ಕೂಲಂಬ್ ಅಳೆದು ತೋರಿಸಿದಂತೆ ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತಿರದ ಸೆಳೆತ ದೂರದ ತಳ್ಳಾಟಕ್ಕಿಂತ ಒಂದು ಕೈ ಮೇಲು, ಚೂರು ಹಾರಿ ಬಂದು ಅಂಟಿಕೊಳ್ಳುತ್ತದೆ.